ಸೋಮವಾರದ ಎತ್ತು

"ಎತ್ತು ಹೂಡು ಮಾಳಿಂಗಪ್ಪ, ಯಾಕ ಸುಮ್ನ ನಿಂತಿ?" ಎಂದು ಪರಮೇಶ ಮೂರನೇ ಸಲ ಗದರಿದಾಗ ಜಯಮಾಲಾಳ ಅಪ್ಪ ಗೂಟದಿಂದ ನೊಗವನ್ನು ಇಳಿಸಿಯೇ ಬಿಟ್ಟ. ಮೂಲೆಯಲ್ಲಿ ಕುಸುಬಿ ಚೀಲದ ಮೇಲೆ ಕೂತು ಮೊಬೈಲಿನಲ್ಲಿ ಕಾಲೇಜಿನ ಕೆಲಸ ಮಾಡುತ್ತಿದ್ದ ಜಯಮಾಲಾ ತಲೆ ಎತ್ತಿದಳು. ಬುದ್ಧಿ ಬಂದಾಗಿನಿಂದ ಸೋಮವಾರದ ದಿನ ಆ ನೊಗ ಗೂಟ ಬಿಟ್ಟು ಕದಲಿದ್ದನ್ನು ಅವಳು ಕಂಡಿರಲಿಲ್ಲ.

ಗೊಬ್ಬೂರಿನ ಈ ಮರದ ಗಾಣದ ಎಣ್ಣೆಯನ್ನೆಲ್ಲ ಕೊಳ್ಳುವವನು ಕಲಬುರಗಿಯ ವ್ಯಾಪಾರಿ ಪರಮೇಶ ಒಬ್ಬನೇ. ಬಾಟಲಿಗೆ ಎತ್ತಿನ ಚಿತ್ರ ಹಚ್ಚಿ, ಕೆಳಗೆ 'ಅಜ್ಜನ ಕಾಲದ ಪದ್ಧತಿ' ಎಂದು ದಪ್ಪ ಅಕ್ಷರದಲ್ಲಿ ಬರೆಸಿ ಸೊಲ್ಲಾಪುರಕ್ಕೆ ಕಳಿಸುತ್ತಿದ್ದ. ಅವನು ಕೈಬಿಟ್ಟರೆ ಎಣ್ಣೆ ಡಬ್ಬಿಯಲ್ಲೇ ಕೂತು ಕಮಟು ಹಿಡಿಯುತ್ತದೆ. ಅದು ಅವನಿಗೂ ಗೊತ್ತಿತ್ತು, ಅದಕ್ಕೇ ದನಿ ಅಷ್ಟು ಜೋರು.

"ಗುರುವಾರ ಮಾಲು ಮುಟ್ಟಬೇಕು. ಇನ್ನ ಮ್ಯಾಲ ವಾರದಾಗ ಏಳೂ ದಿನ ಗಾಣ ತಿರುಗಬೇಕು. ಆಗೂದಿಲ್ಲಂದ್ರ ಹೇಳಿಬಿಡು, ಆಳಂದದಾಗ ಒಬ್ಬ ತಯಾರ ಕುಂತಾನ."

"ಹಂಗಲ್ರಿ ಸಾವಕಾರ್ರ," ಎಂದ ಅಪ್ಪ, ನೊಗವನ್ನು ಈ ಕೈಯಿಂದ ಆ ಕೈಗೆ ಬದಲಿಸುತ್ತ. "ಸೋಮವಾರ ಬಸವಣ್ಣಗ ಸೂಟಿ ಇರ್ತದ್ರಿ. ನಮ್ಮ ಹಿರ್ಯಾರು ಎಂದೂ..."

"ಎಲ್ಲಿ ಬರದೈತಿ? ತೋರ್ಸು!"

ಈ ಪ್ರಶ್ನೆ ಜಯಮಾಲಾಳಿಗೆ ಹೊಸದಲ್ಲ. ಅಫಜಲಪುರದ ಕಾಲೇಜಿನಲ್ಲಿ ಇತಿಹಾಸ ಕಲಿಸುವ ಮುಮತಾಜ ಮೇಡಂ ಈ ಸಲ ಯಹೂದಿಗಳ ಚರಿತ್ರೆಯನ್ನು ಬರೀ ನೋಟ್ಸ್ ಬರೆಸಿ ಕೈತೊಳೆದುಕೊಂಡಿರಲಿಲ್ಲ. ಆನ್‌ಲೈನ್ ವಿಶ್ವಕೋಶದ ಕನ್ನಡ ಲೇಖನಗಳು ಬಡಕಲಾಗಿವೆ, ಒಬ್ಬೊಬ್ಬರು ಒಂದೊಂದನ್ನು ತಿದ್ದಿ ಬೆಳೆಸಿರಿ, ಬೆಳೆಸುತ್ತಲೇ ಕಲಿಯಿರಿ ಎಂದು ಹಂಚಿಬಿಟ್ಟಿದ್ದರು. ಇವಳ ಪಾಲಿಗೆ ಬಂದವರು ಕೊಂಕಣದ ಕರಾವಳಿಯಲ್ಲಿ ತಲೆತಲಾಂತರ ಬಾಳಿದ ಯಹೂದಿಗಳು. ಅವರೂ ಗಾಣದವರೇ ಎಂದು ಓದಿದ ದಿನ ದೂರದ ನೆಂಟರು ಸಿಕ್ಕಷ್ಟು ಹಿಗ್ಗಾಗಿತ್ತು. ಶನಿವಾರ ಅವರ ವಿಶ್ರಾಂತಿಯ ದಿನ, ಅಂದು ಅವರ ಗಾಣ ತಿರುಗುತ್ತಿರಲಿಲ್ಲ ಎಂದು ಲೇಖನಕ್ಕೆ ಒಂದು ಸಾಲು ಸೇರಿಸಿದಳು. ಮರುದಿನ ನೋಡಿದರೆ ಯಾರೋ ಆ ಸಾಲನ್ನು ಅಳಿಸಿ, 'ಆಧಾರ ಎಲ್ಲಿ?' ಎಂದು ಕೇಳಿದ್ದರು. ಮೈಯೆಲ್ಲ ಉರಿದುಹೋಯಿತು. ಮೇಡಂ ಕೊಟ್ಟಿದ್ದ ಹಳೆಯ ಪುಸ್ತಕದ ಝೆರಾಕ್ಸ್ ಜಾಲಾಡಿ, ಪುಟದ ಸಂಖ್ಯೆ ಸಮೇತ ಸಾಲನ್ನು ಮತ್ತೆ ಹಾಕಿದಳು. ಆಮೇಲೆ ಅದನ್ನು ಅಲುಗಾಡಿಸುವ ಗಂಡು ಹುಟ್ಟಿರಲಿಲ್ಲ.

ಅವಳು ಚೀಲದಿಂದ ಇಳಿದು, ಬ್ಯಾಗಿನೊಳಗಿನ ಝೆರಾಕ್ಸ್ ಹಾಳೆಯನ್ನು ತಂದು ಪರಮೇಶನ ಮೂಗಿನ ಮುಂದೆ ಹಿಡಿದಳು.

"ಬರದದ್ದು ಐತ್ರಿ ಕಾಕಾ. ಇಲ್ಲಿ ನೋಡ್ರಿ. ಕೊಂಕಣದಾಗ ಯಹೂದಿ ಮಂದಿ ಶನಿವಾರ ಗಾಣ ಹೂಡತಿರಲಿಲ್ಲ. ಅದಕ್ಕ ಊರ ಮಂದಿ ಅವರಿಗೆ ಶನಿವಾರ ತೇಲಿ ಅಂತಿದ್ರು. ತೇಲಿ ಅಂದ್ರ ಎಣ್ಣಿ ತೆಗಿಯೋರು. ಅದರ ಕೆಳಗಿನ ಸಾಲು ನೋಡ್ರಿ. ಅಲ್ಲೇ ಇದ್ದ ಹಿಂದೂ ಗಾಣದೋರು ಸೋಮವಾರ ಎತ್ತಿಗೆ ಬಿಡುವು ಕೊಡತಿದ್ರು, ಅವರಿಗೆ ಸೋಮವಾರ ತೇಲಿ ಅಂತಿದ್ರಂತ. ಅವರ ದಿನ ಬಿಡ್ರಂತ ಇವರು ಕೇಳಲಿಲ್ಲ, ಇವರ ದಿನ ಬಿಡ್ರಂತ ಅವರು ಕೇಳಲಿಲ್ಲ. ನೀವ್ಯಾಕ ಕೇಳತೀರಿ?"

ಆ ಕೆಳಗಿನ ಸಾಲನ್ನು ಮೊದಲ ಸಲ ಓದಿದಾಗ ಅವಳ ಮೈ ಜುಮ್ಮೆಂದಿತ್ತು. ಇನ್ನೊಬ್ಬರ ಚರಿತ್ರೆಯೊಳಗೆ ತನ್ನ ಮನೆಯ ಬಾಗಿಲು ಕಂಡಿತ್ತು.

ಪರಮೇಶ ನಕ್ಕ. "ಅದು ಕೊಂಕಣದ ಮಾತಾತಲ್ಲವಾ. ಗೊಬ್ಬೂರದ್ದು ಎಲ್ಲಿ ಬರದೈತಿ?"

"ನಿಮ್ಮ ಬಾಟಲಿ ಮ್ಯಾಲ ಬರದೈತ್ರಿ. ಅಜ್ಜನ ಕಾಲದ ಪದ್ಧತಿ ಅಂತ. ನಮ್ಮಜ್ಜನ ಪದ್ಧತಿಯೊಳಗ ಸೋಮವಾರ ಎತ್ತಿಗೆ ಸೂಟಿ ಐತಿ. ಅದು ಬ್ಯಾಡಂದ್ರ ಮೊದಲ ಆ ಅಕ್ಷರ ಅಳಸ್ರಿ."

ಪರಮೇಶನ ನಗೆ ಅಲ್ಲೇ ಕಮರಿತು. ಅವನು ಅವಳ ಕಡೆ ಮತ್ತೆ ನೋಡಲೂ ಇಲ್ಲ. "ಮಗಳ ಬಾಯಿಗಿ ಬೀಗ ಹಾಕು ಮಾಳಿಂಗಪ್ಪ. ಈಗ ನಿನ್ನ ಮಾತು ಹೇಳು. ಹೂಡ್ತಿಯೋ, ನಾ ಆಳಂದಕ್ಕ ಹೋಗ್ಲೋ?"

ಜಯಮಾಲಾ ಹಾಳೆಯನ್ನು ಮಡಚಿಕೊಂಡಳು. ಮಾತು ಆಡಿಯಾಗಿತ್ತು, ಗಿರಾಕಿ ಕೈತಪ್ಪಿದರೆ ಪಾಪ ತನ್ನದೇ. ಅಪ್ಪ ಇವತ್ತು ನನಗೆ ಬೈಯದೆ ಬಿಡುವುದಿಲ್ಲ ಎಂದುಕೊಂಡಳು.

ಅಪ್ಪ ಎತ್ತಿನತ್ತ ನೋಡಿದ. ಅದು ಮೆಲುಕು ಹಾಕುತ್ತ ಆರಾಮಾಗಿ ಮಲಗಿತ್ತು. ಅವನು ನೊಗವನ್ನು ಮತ್ತೆ ಗೂಟಕ್ಕೆ ಏರಿಸಿದ. ಗಾಣ ಸುತ್ತುವಾಗ ಎತ್ತಿನ ಕಣ್ಣಿಗೆ ಕಟ್ಟುವ ಬಟ್ಟೆಯನ್ನೂ ಮಡಚಿ ಅದರ ಮೇಲೆ ಹಾಕಿದ.

"ಮಂಗಳವಾರ ಬರ್ರಿ ಸಾವಕಾರ್ರ. ಎಷ್ಟು ಬೇಕು ಅಷ್ಟು ತೆಗೆದು ಕೊಡ್ತೇನಿ. ಇವತ್ತ ಆಗೂದಿಲ್ರಿ."

ಪರಮೇಶ ಹೋಗಿ ಕಾರಿನ ಬಾಗಿಲು ಧಡಲ್ ಎಂದು ಹಾಕಿಕೊಂಡ. ಮಂಗಳವಾರ ಬರುತ್ತಾನೋ ಇಲ್ಲವೋ ದೇವರಿಗೇ ಗೊತ್ತು. ಕಾರಿನ ಧೂಳು ಇಳಿಯುವವರೆಗೂ ಅಪ್ಪ ಬಾಗಿಲಲ್ಲೇ ನಿಂತಿದ್ದ. ಆಮೇಲೆ ಬಂದು ಮಗಳ ಪಕ್ಕ ಚೀಲದ ಮೇಲೆ ಕೂತ. ಓದು ಬಾರದ ಅವನು ಆ ಮೊಬೈಲಿನೊಳಗೆ ಬಗ್ಗಿ ನೋಡಿದ್ದು ಅದೇ ಮೊದಲು.

"ಅದ್ರಾಗ ಗೊಬ್ಬೂರದ ಮಾತು ಐತೇನು?"

"ಇಲ್ಲಪ್ಪ."

"ಹಂಗಾದ್ರ ಬರೀ. ಗೊಬ್ಬೂರದಾಗ ಸೋಮವಾರ ಗಾಣ ತಿರುಗೂದಿಲ್ಲ ಅಂತ ಬರೀ. ಆಧಾರ ಕೇಳಿದ್ರ ನನ್ನ ಹೆಸರು ಹಾಕು."

ಜಯಮಾಲಾಳಿಗೆ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. "ಹಂಗ ನಡಿಯೂದಿಲ್ಲಪ್ಪ. ಪುಸ್ತಕದಾಗ ಇರಬೇಕು. ಇಲ್ಲಂದ್ರ ನಾಳಿಗೇ ಅಳಸ್ತಾರ."

"ಅಳಸ್ಲಿ," ಎಂದ ಅಪ್ಪ. "ಮುಂದಿನ ಸೋಮವಾರ ಮತ್ತ ಬರೀ."