ಹತ್ತು ನಿಮಿಷದ ಕಣಿವೆ

ಪಂಕಜ ಕಾರಿನ ಗಾಜಿಗೆ ಮೆತ್ತಿದ್ದ ಹುಳುಗಳನ್ನು ಒರೆಸಿದಳು. ನ್ಯೂಯಾರ್ಕಿನಿಂದ ಗ್ರ್ಯಾಂಡ್ ಕ್ಯಾನಿಯನ್‌ವರೆಗೆ ಹನ್ನೊಂದು ಜಾಗ. ಗಂಡ ಎಲ್ಲೂ ಹತ್ತು ನಿಮಿಷದ ಮೇಲೆ ನಿಂತಿರಲಿಲ್ಲ. ಅವನ ಪಾಲಿಗೆ ಅಮೆರಿಕವೆಲ್ಲ ತನ್ನ ಫೋಟೊದ ಹಿಂದಿನ ಪರದೆ.

"ರೀ, ಇಲ್ಲಾದರೂ ಕೆಳಗಿಳಿದು ನೋಡೋಣ. ದಾರಿ ಇದೆ."

"ಲಾಲ್‌ಬಾಗ್ ಬಂಡೆ ಹತ್ತೋಕೇ ಏದುಸಿರು ಬಿಡೋಳು, ಇಲ್ಲಿ ಇಳೀತಾಳಂತೆ! ಫೋನ್ ಹಿಡಿ. ಬೆನ್ನ ಕಡೆಯಿಂದ ತೆಗಿ. ನಾನು ಕಣಿವೆ ನೋಡ್ತಾ ಮೈಮರೆತಿರೋ ಹಾಗೆ ಬರಬೇಕು."

ಪಂಕಜ ಒಂದು ತೆಗೆದಳು. ಫೋನನ್ನು ಕಣಿವೆಯಂಚಿನ ಕಟ್ಟೆಯ ಮೇಲಿಟ್ಟು, ನೀರಿನ ಬಾಟಲಿ ಎತ್ತಿಕೊಂಡು, ಇಳಿಯುವ ದಾರಿ ಹಿಡಿದಳು.

ಅವನು ಕತ್ತು ತಿರುಗಿಸದೆ, ಹೊಟ್ಟೆ ಒಳಗೆಳೆದುಕೊಂಡು ನಿಂತೇ ಇದ್ದ.

"ಇನ್ನೊಂದು ತೆಗಿಯೇ."