ಎರಡನೆಯ ಭಾಗದ ಮ್ಯಾಟಿನಿ

ನಾಲ್ಕು ಕೊಲೆ, ಅರೆಬೆತ್ತಲೆ ನಾಯಕಿ ಇದ್ದ ಆ ಸಿನಿಮಾದ ಮೊದಲನೆಯ ಭಾಗ ಊರಿನ ಟಾಕೀಸಿನಲ್ಲಿ ಒಂಬತ್ತು ವಾರ ಓಡಿತ್ತು. ಅದೇ ಧೈರ್ಯದ ಮೇಲೆ ಮಾಲೀಕ ವಿರುಪಣ್ಣ ಹೊಸ ಪರದೆ ಹಾಕಿಸಿ, ಸಂತೆಯ ದಿನದ ಮ್ಯಾಟಿನಿಗೆ ಎರಡನೆಯ ಭಾಗ ತರಿಸಿದ. ಹಾಲ್ ತುಂಬಿತು. ಆದರೆ ಮೂರು ರೀಲು ಮುಗಿದರೂ ನಾಯಕಿ ಮೈತುಂಬ ಸೆರಗು ಹೊದ್ದು ಇನ್‌ಸ್ಪೆಕ್ಟರನ ಮುಂದೆ ಹೇಳಿಕೆ ಕೊಡುತ್ತಲೇ ಇದ್ದಳು.

"ಏ ವಿರುಪಣ್ಣ, ಇದೇನ್ ಪಿಚ್ಚರೋ, ಕೋರ್ಟ್ ಕಚೇರಿಯೋ?" ಎಂದು ಕತ್ತಲಲ್ಲಿ ಒಬ್ಬ ಕೂಗಿದ.

"ಈ ಬ್ಯಾಸಿಗ್ಯಾಗ ಆಕಿಗೆ ಸೆಕಿ ಆಗವಲ್ದೇನು?" ಎಂದ ಇನ್ನೊಬ್ಬ.

ಚಪ್ಪಲಿಯೊಂದು ಹಾರಿ ಹೋಗಿ ಪರದೆಗೆ ಬಡಿಯಿತು. ಹಿಂದೆಯೇ ಇನ್ನೆರಡು. ವಿರುಪಣ್ಣ ಪ್ರೊಜೆಕ್ಟರ್ ಕೋಣೆಗೆ ಓಡಿದ. ಹೀಗೇ ಬಿದ್ದರೆ ಹೊಸ ಪರದೆ ಹರಿಯದೆ ಉಳಿಯುವುದಿಲ್ಲ.

"ಪೊಲೀಸ್ರನ್ನ ಕರೀಲೇನ್ರೀ ಧಣಿ?" ಎಂದ ಆಪರೇಟರ್ ಖಾಜಾ.

"ಬ್ಯಾಡೋ. ಲೈಟ್ ಹಾಕು."

ದೀಪ ಹೊತ್ತಿಕೊಂಡವು. ಚಪ್ಪಲಿ ಎತ್ತಿ ನಿಂತಿದ್ದ ಅಳಿಯನೊಬ್ಬ ಪಕ್ಕದಲ್ಲೇ ಕೂತ ತನ್ನ ಮಾವನನ್ನು ನೋಡಿದ. ಮಾವ ಹಿಂದಿನ ಸಾಲಿನ ಹೆಡ್‌ಮಾಸ್ತರರನ್ನು ನೋಡಿದ. ಹೆಡ್‌ಮಾಸ್ತರರು ನೆಲ ನೋಡಿದರು. ಆಮೇಲೆ ಗಂಟಲು ಸರಿಮಾಡಿಕೊಂಡು, ತಲೆ ಎತ್ತದೆಯೇ ಹೇಳಿದರು:

"ಲೈಟ್ ಆರಿಸ್ರೀ ವಿರುಪಣ್ಣಾರ, ಪಿಚ್ಚರ್ ಭಾಳ ಚಲೋ ಐತಿ."