ಒಂದು ಎಸಳು

"ಎಲ್ಲಿಗೆ ಹೋದ್ರೂ ಹುಡುಕ್ತೀನಿ" ಎಂದಿದ್ದ ಗಂಡನ ಕಣ್ಣು ತಪ್ಪಿಸಿ ಈ ಊರು ಸೇರಿದ ಮೇಲೆ ನೇತ್ರಾ ತನ್ನ ಮುಖದ ಫೋಟೊ ಎಲ್ಲೂ ಹಾಕಿರಲಿಲ್ಲ. ಆನ್‌ಲೈನ್ ರಂಗೋಲಿ ಗ್ರೂಪೊಂದರಲ್ಲಿ ಮಾತ್ರ, ಸುಳ್ಳು ಹೆಸರಿನಲ್ಲಿ, ಬೆಳಗಿನ ರಂಗೋಲಿಯ ಚಿತ್ರ ಹಾಕುತ್ತಿದ್ದಳು. ಅಮ್ಮ ಕಲಿಸಿದಂತೆ, ದೃಷ್ಟಿಯಾಗದಿರಲೆಂದು ಒಂದು ಎಸಳಿಗೆ ಬಣ್ಣ ತುಂಬುತ್ತಿರಲಿಲ್ಲ. ಆ ಮನೆಯಲ್ಲಿದ್ದಾಗ ಗಂಡ, "ಅರ್ಧಂಬರ್ಧ ಕೆಲಸ ನನಗಾಗಲ್ಲ" ಎಂದು ದಿನವೂ ಆ ಎಸಳಿಗೆ ತಾನೇ ಕೆಂಪು ತುಂಬುತ್ತಿದ್ದ.

ಭಾನುವಾರ ಮನೆಯ ಓನರ್ ಪಂಕಜಮ್ಮ ಫೋನ್ ಹಿಡಿದು ನಗುತ್ತಾ ಬಂದರು.

"ಏನ್ ಕಳ್ಳಿನೇ ನೀನು! ನಾನೂ ಆ ಗ್ರೂಪಿಗೆ ಸೇರ್ಕೊಂಡೆ ಕಣೆ. ನೋಡಿದ್ರೆ ನಮ್ಮನೆ ಬಾಗಿಲು! ಯಾರೋ ಪಾಪ, ಇದು ಯಾವೂರು ಅಂತ ಕೇಳ್ತಾನೇ ಇದ್ರು. ನೀನು ತುಟಿ ಬಿಚ್ಚಿಲ್ಲ."

"ನೀವೇನಂದ್ರಿ ಆಂಟಿ?"

"ಊರು, ಬೀದಿ ಎಲ್ಲಾ ಹೇಳ್ದೆ. ನಮಗೂ ಹೆಮ್ಮೆ ಅಲ್ವೇನೆ?"

"ದಮ್ಮಯ್ಯ, ಈಗ್ಲೇ ಅಳಿಸಿ."

"ಅಯ್ಯೋ, ರಂಗೋಲಿ ನೋಡಿ ಯಾರೇನು ಕಿತ್ಕೊಂಡು ಹೋಗ್ತಾರೆ?" ಎಂದು ಗೊಣಗುತ್ತಲೇ ಪಂಕಜಮ್ಮ ಅಳಿಸಿದರು.

ಮರುದಿನ ನೇತ್ರಾ ರಂಗೋಲಿಯನ್ನು ಬೇಗನೆ ಹಾಕಿ ಮುಗಿಸಿದಳು. ಫೋಟೊ ತೆಗೆಯಲಿಲ್ಲ. ಬಣ್ಣದ ಡಬ್ಬಿಗಳನ್ನು ಒಳಗಿಟ್ಟು, ಕೈ ತೊಳೆದು, ಬಾಗಿಲು ಹಾಕಿಕೊಳ್ಳಲು ಬಂದಳು. ಬೀದಿಯಲ್ಲಿ ಯಾರೂ ಇರಲಿಲ್ಲ.

ಬಿಟ್ಟಿದ್ದ ಎಸಳಿನ ತುಂಬ ಕೆಂಪು ಬಣ್ಣವಿತ್ತು.